ಪೇಟೆಯ ಬಾಗಿಲು, ಹಳ್ಳಿಯ ಹೆಸರು

(ಶ್ರೀಮಠದ ಜುಬಿಲಿ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)





ಬೆಂಗಳೂರಿನ ಅವೆನ್ಯೂ ರಸ್ತೆಯನ್ನು ಕಾಣದವರು ಈ ಸಭೆಯಲ್ಲಿ ವಿರಳವೇ ಸರಿ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಇಕ್ಕಟ್ಟಾಗಿ ಸಾಗುವ ಆ ಬೀದಿಗೆ ಪೂರ್ವದಲ್ಲಿ ದೊಡ್ಡಪೇಟೆಯೆಂದು ಹೆಸರು. 1537ರಲ್ಲಿ ಕೆಂಪೇಗೌಡರು ಊರನ್ನು ಕಟ್ಟಿಸುವಾಗ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿಸಿ ನಾಲ್ಕು ದಿಕ್ಕಿಗೂ ಹೊಡೆಯಿಸಿದರೆಂದೂ, ನೇಗಿಲು ಎಳೆದ ಗೆರೆಗಳೇ ಬೀದಿಗಳಾದುವೆಂದೂ ಐತಿಹ್ಯವಿರುವುದು. ಅಂದ ಮೇಲೆ ಇಂದು ಕಾಗದ, ಪುಸ್ತಕ, ಬಟ್ಟೆ, ಬಂಗಾರಗಳ ವ್ಯಾಪಾರ ನಡೆಯುವ ಆ ರಸ್ತೆಯು ಮೂಲದಲ್ಲಿ ಒಂದು ಉಳುಮೆಯ ಸಾಲು. ಪೇಟೆಯೆಂಬುದು ಒಕ್ಕಲಿಗನ ನೇಗಿಲಿನಿಂದಲೇ ಹುಟ್ಟಿತೆಂಬುದನ್ನು ಮೊದಲು ನೆನೆಯಬೇಕು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಕೋಟೆಯೊಳಗಿನ ಆ ಪೇಟೆಗೆ ನಾಲ್ಕು ಹೆಬ್ಬಾಗಿಲುಗಳಿದ್ದುವು. ಉತ್ತರದ್ದು ಯಲಹಂಕದ ಬಾಗಿಲು, ಪೂರ್ವದ್ದು ಹಲಸೂರು ಬಾಗಿಲು, ದಕ್ಷಿಣದ್ದು ಆನೇಕಲ್ಲು ಬಾಗಿಲು, ಪಶ್ಚಿಮದ್ದು ಸೊಂಡೆಕೊಪ್ಪದ ಬಾಗಿಲು. ಪೇಟೆಯ ಬಾಗಿಲುಗಳಿಗೆ ಪೇಟೆಯ ಹೆಸರಿರಲಿಲ್ಲ. ಎದುರಿಗಿದ್ದ ಊರುಗಳ ಹೆಸರೇ ಇದ್ದುವು. ಒಳಗಿನ ಬೀದಿಗಳಾದರೋ ರಾಗಿಪೇಟೆ, ಅಕ್ಕಿಪೇಟೆ, ಅರಳೇಪೇಟೆ, ತರಗುಪೇಟೆಗಳೆಂದು ಹಳ್ಳಿಯ ಬೆಳೆಗಳ ಹೆಸರನ್ನೇ ತಾಳಿದುವು. ಹಳ್ಳಿಯನ್ನು ಕರೆಯದೆ ತನ್ನನ್ನು ತಾನು ಹೆಸರಿಸಿಕೊಳ್ಳಲು ಆ ಪೇಟೆಗೆ ಬರುತ್ತಿರಲಿಲ್ಲ.

ಹೀಗೆ ಒಂದೇ ಒಡಲಿನಂತಿದ್ದ ಪೇಟೆಗೂ ಹಳ್ಳಿಗೂ ಈಗ ಉಂಟಾಗಿರುವ ವೈಮನಸ್ಯವು ಚಿಂತಿಸತಕ್ಕ ವಿಷಯವಾಗಿರುವುದು. 1986ರಲ್ಲಿ ಆಡಳಿತದ ಸೌಕರ್ಯಕ್ಕಾಗಿ ಬೆಂಗಳೂರು ಜಿಲ್ಲೆಯನ್ನು ನಗರವೆಂದೂ ಗ್ರಾಮಾಂತರವೆಂದೂ ಎರಡು ಮಾಡಿದರು. ಅದು ಕಾಗದದ ಮೇಲಿನ ಗೆರೆ. ಆದರೆ ಚುನಾವಣೆಯಿಂದ ಚುನಾವಣೆಗೆ ಆ ಗೆರೆಯು ಮನಸ್ಸುಗಳ ಮೇಲೂ ಇಳಿದುಬರುತ್ತಿದೆ. ಈ ಪಕ್ಷವು ಪೇಟೆಯದು, ಆ ಪಕ್ಷವು ಹಳ್ಳಿಯದು ಎಂದು ಎಣಿಸುವ ವಾಡಿಕೆ ಬಂದಿದೆ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಭಾವಿಸಿರಿ. ಅಣ್ಣನು ಮಾಗಡಿಯ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆಯುವನು. ತಮ್ಮನು ಅವೆನ್ಯೂ ರಸ್ತೆಯಲ್ಲಿ ಕಾಗದದ ಅಂಗಡಿ ಇಟ್ಟಿರುವನು. ಸುಗ್ಗಿಯಾದೊಡನೆ ಒಂದು ಮೂಟೆ ರಾಗಿ ಪೇಟೆಗೆ ಬರುತ್ತಿತ್ತು. ಶಾಲೆ ತೆರೆಯುವ ಕಾಲಕ್ಕೆ ಒಂದು ಕಟ್ಟು ಪುಸ್ತಕ ಹಳ್ಳಿಗೆ ಹೋಗುತ್ತಿತ್ತು. ಒಂದು ಚುನಾವಣೆಯ ಕಾಲದಲ್ಲಿ ಅಣ್ಣನು, “ನೀವು ಪೇಟೆಯವರು ನಮ್ಮ ಸೀಮೆಯ ನೀರು ಕುಡಿದು ನಮಗೇ ಕೊಳಚೆ ಕಳುಹಿಸುತ್ತೀರಿ” ಎಂದನು. ತಮ್ಮನು, “ತೆರಿಗೆ ಕಟ್ಟುವವರು ನಾವು, ಅದನ್ನು ತಿನ್ನುವವರು ನೀವು, ಅಣ್ಣ” ಎಂದನು. ಆ ವರ್ಷ ಮೂಟೆಯೂ ಬರಲಿಲ್ಲ, ಕಟ್ಟೂ ಹೋಗಲಿಲ್ಲ. ತಾಯಿಯ ಗಣಾರಾಧನೆಯನ್ನು ಇಬ್ಬರೂ ಬೇರೆ ಬೇರೆ ಮಾಡಿದರು. ಇಂತಹ ಮನೆಯನ್ನು ಕಂಡವರು ಈ ಸಭೆಯಲ್ಲಿ ಅನೇಕರಿರಬಹುದು.

ಇಲ್ಲಿ ಪಕ್ಷವೆಂಬ ಶಬ್ದದ ಅರ್ಥವನ್ನು ವಿಚಾರಿಸುವುದು ಯುಕ್ತವು. ತರ್ಕಶಾಸ್ತ್ರದಲ್ಲಿ, ಸಾಧಿಸಬೇಕಾದುದು ಎಲ್ಲಿ ಇನ್ನೂ ಸಂದೇಹದಲ್ಲಿರುವುದೋ ಅದಕ್ಕೆ ಪಕ್ಷವೆಂದು ಹೆಸರು. ಬೆಟ್ಟದಲ್ಲಿ ಬೆಂಕಿಯಿದೆಯೋ ಇಲ್ಲವೋ ಎಂದು ಸಂದೇಹವಿರುವಾಗ ಬೆಟ್ಟವು ಪಕ್ಷ. ಹೊಗೆಯನ್ನು ತೋರಿಸಿ ಬೆಂಕಿಯನ್ನು ಸಾಧಿಸಬೇಕು. ಹೇತುವನ್ನು ಕೊಡದೆ ಪಕ್ಷವನ್ನು ಮಾತ್ರ ಹಿಡಿದವನ ಮಾತು ವಾದವಲ್ಲ, ಬರಿಯ ಕೂಗು. ಈಗಿನ ಪಕ್ಷಗಳಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲದಂತಾಗಿದೆ. ತನ್ನವರು ಹೇಳಿದುದೆಲ್ಲ ಸಿದ್ಧಾಂತ, ಎದುರಿನವರು ಹೇಳಿದುದೆಲ್ಲ ದೋಷ. ಭೇದವು ಸ್ವಾಭಾವಿಕವೇ ಸರಿ. ಉಳುವವನ ದಿನಚರಿ ಬೇರೆ, ಅಂಗಡಿಯವನ ದಿನಚರಿ ಬೇರೆ. ಭೇದವು ವಿಚಾರವಿಲ್ಲದೆ ಬೆಳೆದರೆ ವಿರೋಧವಾಗುವುದು. ವಿರೋಧವು ಹಳತಾದರೆ ದ್ವೇಷವಾಗುವುದು. ಆದುದರಿಂದ ಎರಡು ಕಡೆಯ ಹೇತುಗಳನ್ನೂ ಎದುರಿಟ್ಟು ನೋಡಬೇಕು. ಪೇಟೆಯ ವರ್ತಕರಿಗೆ ಇದು ಹೊಸದಲ್ಲ. ಜಮಾ, ಖರ್ಚು ಎರಡನ್ನೂ ಬರೆಯದ ಕಿರ್ದಿಯನ್ನು ಯಾವ ವರ್ತಕನೂ ನಂಬುವುದಿಲ್ಲವಷ್ಟೆ.

ಮೊದಲು ಹಳ್ಳಿಯ ಕಡೆಯ ಲೆಕ್ಕ. ಬೆಂಗಳೂರು ತನ್ನ ಕೆರೆಗಳ ನೀರು ಸಾಲದೆ ಹೆಸರಘಟ್ಟಕ್ಕೆ ಹೋಯಿತು. ಬಳಿಕ 1933ರಲ್ಲಿ ತಿಪ್ಪಗೊಂಡನಹಳ್ಳಿಗೆ ಹೋಯಿತು. 1974ರಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ತರಿಸಿಕೊಂಡಿತು. ಸುಮಾರು ನೂರು ಕಿಲೋಮೀಟರು ದೂರ, ಸುಮಾರು ಐನೂರು ಮೀಟರು ಎತ್ತರಕ್ಕೆ ಆ ನೀರನ್ನು ಯಂತ್ರಗಳಿಂದ ಏರಿಸಬೇಕು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾವೇರಿಯ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚಿಸಿಕೊಟ್ಟ 14.75 ಟಿ.ಎಂ.ಸಿ. ನೀರಿನಲ್ಲಿ 4.75 ಟಿ.ಎಂ.ಸಿ.ಯನ್ನು ಬೆಂಗಳೂರಿನ ಕುಡಿಯುವ ನೀರಿಗಾಗಿಯೇ ಎಣಿಸಿತು. ಮಂಡ್ಯದ ಸೀಮೆಯವರು ಬೆಳೆಗೆ ನೀರಿಲ್ಲದ ವರ್ಷಗಳಲ್ಲಿಯೂ ಕುಡಿಯುವ ನೀರಿಗೆ ಅಡ್ಡಿಯಿಲ್ಲವೆಂದು ಒಪ್ಪಿರುವರು. ಇದು ಸಣ್ಣ ಮಾತಲ್ಲ.

ಆ ನೀರು ಹಿಂದಿರುಗುವ ಬಗೆಯನ್ನು ನೋಡಿರಿ. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿಯು ಹುಟ್ಟುವಳೆಂದು ಹಿರಿಯರ ನಂಬುಗೆ. ಕಾರ್ತಿಕದ ಕಡೆಯ ಸೋಮವಾರ ಅಲ್ಲಿಗೆ ಸುತ್ತಣ ಒಕ್ಕಲಿಗರು ಕಡಲೆಕಾಯಿ ತಂದು ಪರಿಷೆ ನಡೆಸುವರು. ತಮ್ಮ ಹೊಲದ ಮೊದಲ ಫಲವನ್ನು ಬಸವಣ್ಣನಿಗೆ ಅರ್ಪಿಸುವರು. ಅದೇ ಪಾದದಿಂದ ಹೊರಟ ನದಿಯು ನಗರದ ಕೊಳಚೆಯನ್ನು ಹೊತ್ತು ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರಿ, ಅಲ್ಲಿಂದ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಗೇ ಬೀಳುವಳು. ಹಳ್ಳಿಯು ಕಾಯಿಯನ್ನು ಅರ್ಪಿಸಿತು. ಪೇಟೆಯು ಕೊಟ್ಟ ಪ್ರಸಾದವು ಇದು. ಗದ್ದೆ ಬಯಲಿಗೆಂದು ಕಟ್ಟಿದ ಕೆರೆಯು ನೊರೆಯ ಮಡುವಾಯಿತೆಂದರೆ ಕೆಳಗಿನ ಒಕ್ಕಲಿಗನು ಸಿಟ್ಟಾಗುವುದು ಅನ್ಯಾಯವೆ? ಇನ್ನು, 2007ರಲ್ಲಿ 110 ಹಳ್ಳಿಗಳನ್ನು ಮಹಾನಗರದೊಳಕ್ಕೆ ಸೇರಿಸಿದರು. ಅವುಗಳಿಗಾಗಿ ಮಾಡಿದ ಕಾವೇರಿಯ ಐದನೆಯ ಹಂತವು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಹೆಸರು ಪೇಟೆಯದಾಗಿ ಹದಿನೇಳು ವರ್ಷ ಕಳೆದ ಮೇಲೆ ನೀರು ಬಂದಿತು.

ಈಗ ಪೇಟೆಯ ಕಡೆಯ ಲೆಕ್ಕ. ರಾಜ್ಯದ ವರಮಾನದಲ್ಲಿ ಬಹು ದೊಡ್ಡ ಪಾಲು ಬೆಂಗಳೂರಿನಲ್ಲಿ ಹುಟ್ಟುವುದು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತನ್ನು ರೈತರಿಗೆ ಉಚಿತವಾಗಿ ಕೊಡುವುದು ಈ ವರಮಾನದ ಬಲದಿಂದಲ್ಲವೆ? ಅವೆನ್ಯೂ ರಸ್ತೆಯ ದಕ್ಷಿಣದ ಕೊನೆಯಲ್ಲಿ, ಮಾರುಕಟ್ಟೆಯ ಮಗ್ಗುಲಿಗೆ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯಿದೆ. ಅದರ ಅಂಗಳದಲ್ಲಿ ಬುತ್ತಿಗಂಟು ಬಿಚ್ಚಿ ಕುಳಿತವರ ನುಡಿಯನ್ನು ಕೇಳಿದರೆ ನಾಡಿನ ಎಲ್ಲ ಸೀಮೆಗಳ ಕನ್ನಡವೂ ಕೇಳಿಬರುವುದು. ಹಳ್ಳಿಯ ಮಕ್ಕಳು ಅರ್ಧ ಬೆಲೆಗೆ ಹಳೆಯ ಪುಸ್ತಕ ಕೊಂಡು ಓದಿ ಮುಂದೆ ಬಂದುದು ಆ ರಸ್ತೆಯ ಅಂಗಡಿಗಳ ಮುಂದೆಯೇ. ರಾಜ್ಯದ 224 ವಿಧಾನಸಭಾ ಸ್ಥಾನಗಳಲ್ಲಿ ಬೆಂಗಳೂರಿನದು 28 ಮಾತ್ರ. ತನ್ನ ಮಾತು ನಡೆಯದೆಂಬ ಅಸಮಾಧಾನವು ಪೇಟೆಯಲ್ಲಿದೆ. ಆದರೆ ಲೆಕ್ಕವನ್ನು ನಿಷ್ಪಕ್ಷಪಾತವಾಗಿ ಬರೆಯಬೇಕಷ್ಟೆ. 2023ರ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇಕಡ 73ರಷ್ಟು ಜನರು ಮತ ಕೊಟ್ಟಾಗ ಬೆಂಗಳೂರು ನಗರದಲ್ಲಿ ಕೊಟ್ಟವರು ಶೇಕಡ 55ರ ಆಸುಪಾಸು. ಮತಗಟ್ಟೆಗೆ ಹೋಗದೆ ಮನೆಯಲ್ಲಿ ಕುಳಿತವನು ತನ್ನ ಮಾತನ್ನು ಯಾರೂ ಕೇಳಲಿಲ್ಲವೆಂದು ದೂರುವುದು ಹೇಗೆ?

ಎರಡು ಕಡೆಯನ್ನೂ ಓದಿದರೆ ಒಂದು ವಿಷಯ ಸ್ಪಷ್ಟವಾಗುವುದು. ಹಳ್ಳಿಯವನು ತಾನು ಕೊಟ್ಟುದನ್ನು ಮಾತ್ರ ಬರೆದಿಟ್ಟಿರುವನು; ಪೇಟೆಯವನೂ ಅಷ್ಟೆ. ಪಡೆದುದನ್ನು ಇಬ್ಬರೂ ಬರೆದಿಲ್ಲ. ತೀರದ ಈ ಬಾಕಿಯ ಮೇಲೆ ಬಡ್ಡಿ ಎಣಿಸುತ್ತ ಕುಳಿತವು ಪಕ್ಷಗಳು. ಜಗಳವು ತೀರಿದರೆ ಅವುಗಳ ಆದಾಯವೂ ತೀರುವುದು.

ಇದಕ್ಕೆ ಕೆಲವರು ಹೀಗೆ ಆಕ್ಷೇಪಿಸುವರು: “ಇಬ್ಬರ ಹಿತವೂ ಬೇರೆ ಬೇರೆಯಾಗಿರುವಾಗ ಇಬ್ಬರೂ ಹೋರಾಡಿ ಗೆದ್ದುಕೊಳ್ಳುವುದೇ ನ್ಯಾಯ; ಐಕ್ಯವೆಂಬುದು ಮಠದ ಮಾತು.” ಇದಕ್ಕೆ ಸಮಾಧಾನವು ಈ ನಾಡಿನ ಚರಿತ್ರೆಯಲ್ಲಿಯೇ ದೊರೆಯುವುದು. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸು ಬಹುಕಾಲ ಪಟ್ಟಣದ ವಿದ್ಯಾವಂತರ ಸಂಸ್ಥೆಯಾಗಿತ್ತು. ಹಿಂದುಳಿದವರ ಪರವಾಗಿ 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಎರಡು ಬಣಗಳೂ ಒಂದನ್ನೊಂದು ಶಂಕಿಸುತ್ತಿರುವವರೆಗೆ ಜವಾಬ್ದಾರಿ ಸರ್ಕಾರವು ಕನಸಾಗಿಯೇ ಇದ್ದಿತು. ಮಂಡಳಿಯ ಉತ್ತರಾಧಿಕಾರಿಯಾದ ಪ್ರಜಾಸಂಯುಕ್ತ ಪಕ್ಷವು 1937ರಲ್ಲಿ ಕಾಂಗ್ರೆಸ್ಸನ್ನು ಕೂಡಿತು. ಮರುವರ್ಷವೇ, 1938ರ ಏಪ್ರಿಲಿನಲ್ಲಿ, ಮದ್ದೂರಿನ ಬಳಿಯ ಶಿವಪುರವೆಂಬ ಹಳ್ಳಿಯಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಪಟ್ಟಣದ ವಕೀಲರೂ ಹಳ್ಳಿಯ ಒಕ್ಕಲಿಗರೂ ಒಂದೇ ಬಯಲಿನಲ್ಲಿ ನಿಂತರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದವರು ಹಳ್ಳಿಗರು. 1942ರಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕವಿರುವುದು ಅವೆನ್ಯೂ ರಸ್ತೆಯ ತಲೆಯಲ್ಲಿ, ಮೈಸೂರು ಬ್ಯಾಂಕ್ ವೃತ್ತದಲ್ಲಿ. ಎರಡು ಕಡೆಯ ರಕ್ತವೂ ಸೇರಿ, 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ರಚಿತವಾಯಿತು. ಹಿತಗಳು ಬೇರೆಯಾಗಿದ್ದುವು ನಿಜ. ಕೂಡಿದ ಹೊರತು ಒಂದು ಹಿತವೂ ಕೈಗೂಡಲಿಲ್ಲವೆಂಬುದೂ ಅಷ್ಟೇ ನಿಜ.

ಕೂಡದೆ ಇದ್ದಾಗ ಏನಾಗುವುದೆಂಬುದಕ್ಕೂ ನಿದರ್ಶನವಿದೆ. 1980ರಲ್ಲಿ ನರಗುಂದ ನವಲಗುಂದಗಳ ರೈತರು ಬಂಡೆದ್ದ ಬಳಿಕ ರೈತಸಂಘವು ನಾಡಿನಲ್ಲೆಲ್ಲ ಬೆಳೆಯಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಅನೇಕ ಹಳ್ಳಿಗಳ ಮುಂದೆ ಹಲಗೆಗಳು ನಿಂತುವು. ಒಂದು ಕಾಲದಲ್ಲಿ ಪೇಟೆಯು ತನ್ನ ಬಾಗಿಲಿಗೆ ಹಳ್ಳಿಯ ಹೆಸರಿಟ್ಟಿತು. ಇನ್ನೊಂದು ಕಾಲದಲ್ಲಿ ಹಳ್ಳಿಯು ಪೇಟೆಗೆ ಬಾಗಿಲನ್ನೇ ಹಾಕಿತು. ಬಾಗಿಲು ಹಾಕಿದವರನ್ನು ಬೈಯುವುದಕ್ಕಿಂತ, ಹಾಕಿಕೊಳ್ಳುವಂತೆ ಮಾಡಿದುದೇನೆಂದು ಕೇಳುವುದು ವಿವೇಕಿಗಳ ಲಕ್ಷಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದಾಗ ನಗರದ ಬರಹಗಾರರೂ ಕಾರ್ಮಿಕರೂ ಅವರ ಜೊತೆಗೆ ನಿಂತರು. 2025ರ ಜುಲೈ 15ರಂದು ಸರ್ಕಾರವು ಸ್ವಾಧೀನವನ್ನು ಕೈಬಿಟ್ಟಿತೆಂದು ಸಾರಿತು. ಆ ಬಾಗಿಲು ಇನ್ನೂ ತೆರೆಯಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಪೇಟೆಯ ವರ್ತಕರಲ್ಲಿ ಈ ದಾರಿಯನ್ನು ತೋರಿದವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರು ಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ದ್ರವ್ಯವನ್ನು ಅವರು ಪೇಟೆಯೊಳಗೇ ಹೂತಿಡಲಿಲ್ಲ. ರೈಲು ನಿಲ್ದಾಣದ ಎದುರಿಗೆ ಛತ್ರ ಕಟ್ಟಿಸಿ 1903ರಲ್ಲಿ ತೆರೆಯಿಸಿದರು. ಓದಲು ಬರುವ ವಿದ್ಯಾರ್ಥಿಗಳಿಗೆ ನೆಲೆಯನ್ನು ಕಲ್ಪಿಸಿದರು. ರೈಲಿನಿಂದ ಇಳಿದ ಹಳ್ಳಿಗನು ಪೇಟೆಯಲ್ಲಿ ಮೊದಲು ಕಾಣುವುದು ತನಗಾಗಿ ತೆರೆದ ಬಾಗಿಲಾಗಿರಬೇಕೆಂಬುದು ಆ ಕಟ್ಟಡದ ಅರ್ಥ. 1910ರಲ್ಲಿ ಅವರು ಲಿಂಗೈಕ್ಯರಾದರು; ಬಾಗಿಲು ಮುಚ್ಚಲಿಲ್ಲ.

ಶರಣಬಂಧುಗಳೆ, ಈ ವಿಷಯದಲ್ಲಿ ಮಠಗಳೂ ನಿರ್ದೋಷಿಗಳಲ್ಲವೆಂಬುದನ್ನು ಒಪ್ಪಲೇಬೇಕು. ಚುನಾವಣೆ ಬಂದಾಗ ಅಭ್ಯರ್ಥಿಗಳು ಮಠದ ಬಾಗಿಲಿಗೆ ಬರುವರು. ಭಕ್ತರ ತಲೆಗಳನ್ನು ಎಣಿಸುವರು. ಆ ಎಣಿಕೆಗೆ ಒಪ್ಪಿದ ಮಠವು ಪೇಟೆಯ ಭಕ್ತರನ್ನೂ ಹಳ್ಳಿಯ ಭಕ್ತರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವ ಅಧಿಕಾರವನ್ನು ಕಳೆದುಕೊಳ್ಳುವುದು. ದಾಸೋಹದ ಎಲೆಯ ಮುಂದೆ ಕುಳಿತವನ ಪಕ್ಷವನ್ನು ಬಡಿಸುವವನು ಕೇಳತಕ್ಕುದಲ್ಲ.

ಆಯ್ದಕ್ಕಿ ಮಾರಯ್ಯನ ಕಥೆಯು ಎಲ್ಲರಿಗೂ ವಿದಿತವಾಗಿದೆ. ಚೆಲ್ಲಿದ ಅಕ್ಕಿಯನ್ನು ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮನು ಅದನ್ನು ಒಲೆಯ ಮೇಲೆ ಇಡಲೊಪ್ಪದೆ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಿ ಬಾ ಎಂದಳು. ಇಷ್ಟೇ ಬೇಕು ಎಂಬ ಅಳತೆಯನ್ನು ಆ ತಾಯಿ ಬಲ್ಲಳು. ಪೇಟೆಯು ನೀರನ್ನು ತರುವಾಗ, ಭೂಮಿಯನ್ನು ಕೊಳ್ಳುವಾಗ, ಹಳ್ಳಿಯು ಸವಲತ್ತನ್ನು ಬೇಡುವಾಗ, ಲಕ್ಕಮ್ಮನ ಈ ಅಳತೆಯೊಂದು ಎದುರಿಗಿದ್ದರೆ ಮುಕ್ಕಾಲು ಜಗಳವು ಹುಟ್ಟುವುದೇ ಇಲ್ಲ.

ಆದುದರಿಂದ ಈ ಜುಬಿಲಿಯ ವರ್ಷದಲ್ಲಿ ಭಕ್ತರು ಮೂರು ಕಾರ್ಯಗಳನ್ನು ಕೈಕೊಳ್ಳುವುದು ಶ್ರೇಯಸ್ಕರವು. ಮೊದಲನೆಯದು, ಮಠದ ವೇದಿಕೆಯನ್ನೂ ಪಂಕ್ತಿಯನ್ನೂ ಪಕ್ಷದ ಪ್ರಚಾರಕ್ಕೆ ಕೊಡದಿರುವುದು. ಎರಡನೆಯದು, ಪ್ರತಿವರ್ಷ ಜಾತ್ರೆಯ ಮರುದಿನ ಹಳ್ಳಿಯ ಹಿರಿಯರೂ ಪೇಟೆಯ ವರ್ತಕರೂ ಒಂದೆಡೆ ಕುಳಿತು, ನೀರು, ಕೆರೆ, ಬೆಳೆಯ ಬೆಲೆ, ವಿದ್ಯೆ, ಆಸ್ಪತ್ರೆ ಇವುಗಳಲ್ಲಿ ತಾವು ಕೊಟ್ಟುದನ್ನಲ್ಲ, ಪಡೆದುದನ್ನು ಮೊದಲು ಓದುವುದು. ಮೂರನೆಯದು, ಪೇಟೆಯ ಮಕ್ಕಳು ಒಂದು ಸುಗ್ಗಿಯನ್ನಾದರೂ ಹಳ್ಳಿಯ ಕಣದಲ್ಲಿ ಕಳೆಯುವುದು. ಹಳ್ಳಿಯ ಒಂದು ಮಗುವಿಗಾದರೂ ಪೇಟೆಯ ಪ್ರತಿಯೊಂದು ಅನುಕೂಲಸ್ಥರ ಮನೆಯಲ್ಲಿ ಓದಲು ಎಡೆ ದೊರೆಯುವುದು.

ಹಿಂದೆ ಹೇಳಿದ ಅಣ್ಣ ತಮ್ಮಂದಿರು ಈ ಜಾತ್ರೆಗೂ ಬಂದಿರಬಹುದು. ಒಬ್ಬನು ಮಂಟಪದ ಬಲಕ್ಕೆ, ಒಬ್ಬನು ಎಡಕ್ಕೆ ಕುಳಿತಿರಬಹುದು. ಯಾರ ಪಕ್ಷವು ಗೆದ್ದರೂ ತಾಯಿಯು ಇಬ್ಬರಿಗೂ ಒಬ್ಬಳೇ. ಮುಂದಿನ ಗಣಾರಾಧನೆಯು ಒಂದೇ ಮನೆಯಲ್ಲಿ ನಡೆದು, ಒಂದು ಮೂಟೆ ರಾಗಿಯು ಅವೆನ್ಯೂ ರಸ್ತೆಗೆ ಬಂದರೆ, ಕೆಂಪೇಗೌಡರ ನೇಗಿಲು ಎಳೆದ ಸಾಲಿನಲ್ಲಿ ಮತ್ತೆ ಬಿತ್ತನೆಯಾದಂತೆಯೇ ಸರಿ.