ಜೆಸ್ಸೆಯನ ಬುಡದಲ್ಲಿ ಮೂಡಿದ ಚಿಗುರು



ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಪ್ರವಾದಿ ಯೆಶಾಯನ ಗ್ರಂಥದ 11ನೆಯ ಅಧ್ಯಾಯದ ಮೊದಲ ವಚನವನ್ನು ಧ್ಯಾನಿಸೋಣ. ಜೆಸ್ಸೆಯನ ಬುಡದಿಂದ ಚಿಗುರೊಂದು ಹೊರಡುವುದೆಂಬ ಈ ಪ್ರವಾದನೆಯನ್ನು ಆಗಮನ ಕಾಲದಲ್ಲಿ ನಾವು ಕೇಳುತ್ತೇವೆ. ಪವಿತ್ರ ಗ್ರಂಥವನ್ನು ಮೂಲಭಾಷೆಗಳಲ್ಲಿ ಅಭ್ಯಸಿಸುವಂತೆ ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1943ರಲ್ಲಿ ಪ್ರೋತ್ಸಾಹಿಸಿದರು. ಆದುದರಿಂದ ಇಲ್ಲಿನ ಹಿಬ್ರೂ ಪದಗಳನ್ನು ಪರಿಶೀಲಿಸೋಣ.

'ಗೇಝಾ' ಎಂಬ ಪದ ಹಳೆಯ ಒಡಂಬಡಿಕೆಯಲ್ಲಿ ಬರುವುದು ಮೂರೇ ಬಾರಿ. ಇಲ್ಲಿ ಅದಕ್ಕೆ ಕಡಿದ ಮರದ ಮೋಟು ಎಂದರ್ಥ. ಹಿಂದಿನ ಅಧ್ಯಾಯ ಮುಗಿಯುವುದೇ ಕೊಡಲಿಗೆ ಕಾಡು ಉರುಳುವ ಚಿತ್ರದಿಂದ. ಯೋಬನ ಗ್ರಂಥದಲ್ಲಿ ಇದೇ ಪದವು ನೀರಿನ ವಾಸನೆಗೆ ಮತ್ತೆ ಚಿಗುರುವ ಮೋಟನ್ನು ಸೂಚಿಸುತ್ತದೆ. ಖಾನಾಪುರದ ಕಾಡಂಚಿನಲ್ಲಿ ಬಾಳುವವರಿಗೆ ಇದನ್ನು ವಿವರಿಸಬೇಕಿಲ್ಲ. ತೇಗವನ್ನು ಕಡಿದರೂ ಬೇರಿನಲ್ಲಿ ಜೀವವಿದ್ದರೆ ಮೋಟಿನಿಂದ ಚಿಗುರೇಳುತ್ತದೆ. ಪ್ರವಾದಿಯು ಅರಸನಾದ ದಾವೀದನನ್ನು ಹೆಸರಿಸದೆ ಅವನ ತಂದೆಯನ್ನು ಹೆಸರಿಸುತ್ತಾನೆ. ಅರಮನೆಯ ವೈಭವವಳಿದ ಮೇಲೆ ದೇವರು ಬೇತ್ಲೆಹೇಮಿನ ಸಾಮಾನ್ಯ ಮನೆತನದಿಂದಲೇ ಪುನಃ ಆರಂಭಿಸುತ್ತಾರೆ.

'ಹೋಟೆರ್' ಎಂದರೆ ಎಳೆಯ ಕೋಲು. 'ನೇತ್ಸೆರ್' ಎಂದರೆ ಚಿಗುರು. ನಜರೇತ್ ಎಂಬ ಊರಿನ ಹೆಸರು ಈ ಎರಡನೆಯ ಪದಕ್ಕೆ ಸಂಬಂಧಿಸಿದ್ದೆಂದು ಅನೇಕ ಪಂಡಿತರ ಅಭಿಪ್ರಾಯ. ಕ್ರಿಸ್ತರು ನಜರೇಯರೆನಿಸಿಕೊಳ್ಳುವರೆಂಬ ಮತ್ತಾಯನ ಮಾತನ್ನು ಹಿಬ್ರೂ ವಿದ್ವಾಂಸರು ಈ ವಚನದೊಡನೆ ಜೋಡಿಸುತ್ತಿದ್ದರೆಂದು ಸಂತ ಜೆರೋಮರೂ ತಿಳಿಸಿದ್ದಾರೆ.

ಕೊನೆಯ ಕ್ರಿಯಾಪದ ಇನ್ನೂ ಮಹತ್ವದ್ದು. ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಅನುವಾದಗಳು ಚಿಗುರು 'ಮೇಲೇಳುವುದು' ಎನ್ನುತ್ತವೆ. ಹಿಬ್ರೂ ಪಾಠದಲ್ಲಿರುವುದು 'ಯಿಫ್ರೆ', ಅಂದರೆ 'ಫಲ ಕೊಡುವುದು'. ಆ ಫಲ ಯಾವುದು? ಮುಂದಿನ ವಚನಗಳೇ ಉತ್ತರಿಸುತ್ತವೆ: ದೇವರ ಭಯಭಕ್ತಿ, ಮತ್ತು ಬಡವರಿಗೆ ಪಕ್ಷಪಾತವಿಲ್ಲದ ನ್ಯಾಯ.

ಪ್ರಿಯರೇ, ಗೋವಾ ಮತ್ತು ಪುಣೆಗೆ ಸೇರಿದ್ದ ಪ್ರದೇಶಗಳಿಂದ ನಮ್ಮ ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ರೂಪುಗೊಂಡಿತು; ಅದೂ ಹಳೆಯ ಬುಡದ ಹೊಸ ಚಿಗುರೇ. ಇಂದು ನಮ್ಮ ಮಕ್ಕಳು ಉದ್ಯೋಗವನ್ನರಸಿ ಖಾನಾಪುರದ ಹಳ್ಳಿಗಳಿಂದ ಬೆಳಗಾವಿಗೆ, ಗೋವೆಗೆ, ಕೊಲ್ಲಿ ದೇಶಗಳಿಗೆ ತೆರಳುತ್ತಿದ್ದಾರೆ. ಹಿರಿಯರಷ್ಟೇ ಉಳಿದ ಮನೆಗಳನ್ನು ಕಂಡು ನಾವು ಎದೆಗುಂದುತ್ತೇವೆ. ಮೋಟನ್ನು ಕಂಡು ಮರ ಸತ್ತಿತೆನ್ನಬಾರದು. ಹಾಗೆಯೇ ಚಿಗುರನ್ನು ಕಂಡು ಫಲ ಬಂದಿತೆನ್ನಲೂಬಾರದು. ನೂರು ವರ್ಷ ನಿಂತ ಗೋಡೆಗಳಿಗಾಗಿ ದೇವರಿಗೆ ಸ್ತೋತ್ರ ಸಲ್ಲಿಸೋಣ. ಆದರೆ ಈ ಗೋಡೆಗಳ ನೆರಳಿನಲ್ಲಿ ಬಡವನಿಗೆ ನ್ಯಾಯ ದೊರಕಿತೇ ಎಂದು ನಮ್ಮನ್ನು ನಾವೇ ಪ್ರಶ್ನಿಸಿಕೊಳ್ಳೋಣ. ಜೆಸ್ಸೆಯನ ಬುಡದಿಂದ ಉದಿಸಿದ ಪ್ರಭು ಕ್ರಿಸ್ತರು ನಮ್ಮನ್ನು ಫಲಭರಿತರನ್ನಾಗಿ ಮಾಡಲಿ.