ಮಾಲ್ಗುಡಿಯ ಮನೆ

ಮಾಲ್ಗುಡಿ ಎಂಬ ಊರು ಯಾವ ಭೂಪಟದಲ್ಲಿಯೂ ಇಲ್ಲ, ಅದು ಆರ್. ಕೆ. ನಾರಾಯಣರ ಕಲ್ಪನೆಯ ಕೂಸು. ಆದರೂ ಕಳೆದ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಬೆಳ್ಳಾರೆಯಿಂದ ಹೊರಟು, ಸೋಮೇಶ್ವರದಿಂದ ಘಾಟಿಯೇರಿ, ಆ ಊರನ್ನು ನೋಡಿಬಂದೆವು! 1986ರಲ್ಲಿ ದೂರದರ್ಶನದಲ್ಲಿ ಮೂಡಿಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಬಹುಪಾಲನ್ನು ಶಂಕರನಾಗ್ ಅವರು ಚಿತ್ರಿಸಿದ್ದು ಆಗುಂಬೆಯಲ್ಲಿ. ಬಾಲಕ ಸ್ವಾಮಿಯ ಮನೆಯಾಗಿ ಅದರಲ್ಲಿ ಕಾಣುವುದು ಅಲ್ಲಿಯ ದೊಡ್ಡಮನೆ.

ಮನೆಯವರ ಅಪ್ಪಣೆ ಪಡೆದು ಒಳಹೊಕ್ಕ ಕೂಡಲೇ ಮಗಳು, “ಅಪ್ಪಾ, ಸ್ವಾಮಿ ಕುಳಿತಿದ್ದ ಜಗಲಿ ಯಾವುದು?” ಎಂದು ಹುಡುಕತೊಡಗಿದಳು. ನನ್ನ ತಾಯಿಯವರು ಸ್ವಾಮಿಯನ್ನು ಹುಡುಕಲಿಲ್ಲ. ಅಂಗಳದ ಬದಿಯ ಮರದ ಕಂಬವೊಂದನ್ನು ಸವರಿ, “ನಮ್ಮಲ್ಲಿಯೂ ಹೀಗೇ ಇತ್ತಲ್ಲ ಮಗಾ” ಎಂದರು.

‘ಇತ್ತು’ ಎಂಬ ಆ ಭೂತಕಾಲದ ಕ್ರಿಯಾಪದಕ್ಕೆ ವ್ಯಾಕರಣದಲ್ಲಿ ಕಂಬವೇ ಕರ್ತೃ, ನಿಜದಲ್ಲಿ ನಾನು. ತಾರಸಿ ಮನೆಗಾಗಿ ಹಳೆಯದನ್ನು ಕೆಡವಿಸಿ, ಆ ಹಲಸಿನ ಕಂಬಗಳನ್ನು ಮಾರಿದವನು ನಾನೇ.

ಎಲ್ಲಿಯೂ ಇಲ್ಲದ ಊರನ್ನು ಲೋಕಕ್ಕೆ ತೋರಿಸಲು, ಕೆಡವದೆ ಉಳಿಸಿಕೊಂಡವರ ಮನೆಯೊಂದು ಒದಗಿತು. ಇದ್ದ ಮನೆಯನ್ನು ಮೊಮ್ಮಗಳಿಗೆ ತೋರಿಸಲು ನನ್ನ ತಾಯಿಯವರಿಗೆ ಇಂದು ಬರಿಯ ಮಾತು ಉಳಿದಿದೆ. ಆಗುಂಬೆಯಿಂದ ಬಂದ ಮೇಲೆ ಆ ಮಾತನ್ನು ನಾನೂ ಕುಳಿತು ಕೇಳುತ್ತಿದ್ದೇನೆ.