‘ರೈಟ್ ಆಫ್’ ಆದ ಸಾಲ ತೀರಿದ ಸಾಲವೇ?

(ತಗಡೂರಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗೊಬ್ಬರ, ಬಿತ್ತನೆಬೀಜದ ವಿಷಯ ಹೇಳಬೇಕಾದವನು ಇಂದು ಒಂದು ಇಂಗ್ಲಿಷ್ ಮಾತಿನ ಅರ್ಥ ಹೇಳಲು ನಿಂತಿದ್ದೇನೆ. ತಾವು ನಗಬಹುದು. ಆದರೆ ಅದು ತಮ್ಮ ಪಹಣಿಗೇ ಸಂಬಂಧಪಟ್ಟ ಮಾತು: ‘ರೈಟ್ ಆಫ್’.

‘ರೈಟ್’ ಎಂದರೆ ಬರೆ. ‘ಆಫ್’ ಸೇರಿತೆಂದರೆ ಅರ್ಥವೇ ಬೇರೆ. ಇದೇನೂ ನಮಗೆ ಹೊಸತಲ್ಲ. ‘ಹೊಲ ಬರೆಸಿಕೊಂಡ’ ಎಂದರೂ ಬರವಣಿಗೆಯೇ, ‘ಬರೆದುಕೊಟ್ಟ’ ಎಂದರೂ ಬರವಣಿಗೆಯೇ. ಒಂದರಲ್ಲಿ ಹೊಲ ಬಂತು, ಇನ್ನೊಂದರಲ್ಲಿ ಹೋಯಿತು! ಹಾಗೆಯೇ ‘ರೈಟ್ ಆಫ್’ ಎಂದರೆ ಲೆಕ್ಕದಿಂದ ಹೊಡೆದುಹಾಕುವುದು. ಉರುಳಿ ನುಜ್ಜಾದ ಟ್ರ್ಯಾಕ್ಟರು ದುರಸ್ತಿಗೆ ಬಾರದೆಂದು ಬಿಟ್ಟರೂ ಇದೇ ಮಾತನ್ನು ಆಡುತ್ತಾರೆ.

ಹೊಡೆದುಹಾಕುವುದು ಯಾರ ಲೆಕ್ಕದಿಂದ? ತೊಡಕೆಲ್ಲ ಇಲ್ಲೇ ಇದೆ. ಅಲ್ಪಾವಧಿ ಬೆಳೆಯ ಸಾಲದ ಬಾಕಿ ಎರಡು ಹಂಗಾಮು ಕಳೆದರೂ ಕಟ್ಟದಿದ್ದರೆ ಬ್ಯಾಂಕಿನವರು ಅದನ್ನು ಕೆಟ್ಟ ಸಾಲವೆಂದು ಎಣಿಸುತ್ತಾರೆ. ಮುಂದೆ ವಸೂಲಿಯ ಭರವಸೆ ಕಡಿಮೆಯಾದಾಗ ತಮ್ಮ ಆಸ್ತಿಯ ಲೆಕ್ಕದಿಂದ ತೆಗೆಯುತ್ತಾರೆ. ಅಂಗಡಿಯವರು ‘ಈ ಹಣ ಬಾರದು’ ಎಂದು ಮನಸ್ಸಿನಲ್ಲಿ ಬಿಟ್ಟರೂ ಸಾಲದ ಪುಸ್ತಕದ ಹಾಳೆ ಹರಿಯುವುದಿಲ್ಲ, ನೋಡಿ, ಹಾಗೆ. ರಿಸರ್ವ್ ಬ್ಯಾಂಕು 2023ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯೂ ಇದನ್ನೇ ಹೇಳುತ್ತದೆ: ಇಂಥದ್ದು ಲೆಕ್ಕಪತ್ರಕ್ಕಾಗಿ ಮಾತ್ರ, ಸಾಲಗಾರನ ಖಾತೆಯಲ್ಲಿ ಬಾಕಿ ಉಳಿಯುತ್ತದೆ, ಬ್ಯಾಂಕಿನ ಹಕ್ಕೂ ಉಳಿಯುತ್ತದೆ.

ಮನ್ನಾ ಎಂಬುದು ಬೇರೆ. 2008ರಲ್ಲಿ ಕೇಂದ್ರ ಸರ್ಕಾರ ಮಾಡಿದ್ದು, 2017ರಲ್ಲಿ ನಮ್ಮ ರಾಜ್ಯ ಸಹಕಾರಿ ಸಂಘಗಳ ಅಲ್ಪಾವಧಿ ಸಾಲದಲ್ಲಿ 50,000 ರೂಪಾಯಿವರೆಗೆ ಬಿಟ್ಟದ್ದು, 2018ರಲ್ಲಿ ಮತ್ತೆ ಘೋಷಿಸಿದ್ದು, ಇವು ಮನ್ನಾ. ಅಲ್ಲಿ ರೈತನ ಪರವಾಗಿ ಸರ್ಕಾರ ಹಣ ಕಟ್ಟುತ್ತದೆ. ಅಷ್ಟರಮಟ್ಟಿಗೆ ಋಣ ಹರಿಯುತ್ತದೆ. ಪತ್ರಿಕೆಯಲ್ಲಿ ‘ಬ್ಯಾಂಕುಗಳು ಸಾವಿರಾರು ಕೋಟಿ ರೈಟ್ ಆಫ್ ಮಾಡಿದವು’ ಎಂದು ಓದಿ ಅದನ್ನೂ ಮನ್ನಾ ಎಂದುಕೊಂಡು ಕುಳಿತರೆ, ಹೊಸ ಸಾಲ ಕೇಳಲು ಹೋದ ದಿನ ಹಳೆಯದು ಎದುರು ನಿಲ್ಲುತ್ತದೆ. ಇಂಗ್ಲಿಷಿನವರೇ ಎರಡಕ್ಕೂ ಈ ಮಾತನ್ನು ಸಡಿಲವಾಗಿ ಬಳಸುತ್ತಾರೆ; ನಮ್ಮವರನ್ನು ದೂರಿ ಫಲವಿಲ್ಲ.

ಆದ್ದರಿಂದ ಬ್ಯಾಂಕಿನಲ್ಲಿ ಯಾರಾದರೂ ಈ ಮಾತಾಡಿದರೆ, ‘ನಾನು ಇನ್ನೂ ಕಟ್ಟಬೇಕಾದ್ದು ಎಷ್ಟು?’ ಎಂದು ಕೇಳಿರಿ. ಏನೂ ಇಲ್ಲವೆಂದರೆ ಬಾಕಿಯಿಲ್ಲವೆಂಬ ಪತ್ರವನ್ನು ಮೊಹರು ಹಾಕಿಸಿ ಪಡೆಯಿರಿ. ಆಮೇಲೆ ಪಹಣಿ ತೆಗೆಸಿ 11ನೇ ಕಾಲಂ ನೋಡಿರಿ. ಋಣಗಳನ್ನು ಬರೆಯುವ ಜಾಗ ಅದೇ. ಅಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ತೆಗೆಸುವ ಕೆಲಸ ಬಾಕಿ ಇದೆ ಎಂದರ್ಥ.

ಪಹಣಿ, ಪಾಸ್ ಪುಸ್ತಕ ತಂದಿರುವವರು ಸಭೆ ಮುಗಿದ ಮೇಲೆ ಇಲ್ಲೇ ಇರಿ, ಒಂದೊಂದಾಗಿ ನೋಡೋಣ.